ಬೀದಿ ಕೊನೆಯ ವಿಯೆಟ್ನಾಂ ಹೋಟೆಲಿನಲ್ಲಿ ಊಟ: ಬಾಗಿಲಿನಿಂದ ಬಿಲ್ಲಿನವರೆಗೆ

"ಅಲ್ಲಿ ನಮಗೆ ತಿನ್ನೋಕೆ ಏನಿರುತ್ತೆ?"

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಹೋಸೆಗೆ ಹೊಸದಾಗಿ ಬಂದ ಕನ್ನಡದವರನ್ನು ವಿಯೆಟ್ನಾಂ ಊಟಕ್ಕೆ ಕರೆದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ನಾನು ಹುಟ್ಟಾ ಸಸ್ಯಾಹಾರಿ. ನನ್ನ ಗಂಡ ಕೋಳಿ ತಿನ್ನುತ್ತಾರೆ, ದನದ ಮಾಂಸ ಮುಟ್ಟುವುದಿಲ್ಲ. ನಮ್ಮಿಬ್ಬರಿಗೂ ಈಗ ವಾರಕ್ಕೊಂದು ಸಲವಾದರೂ ಅಲ್ಲಿಗೆ ಹೋಗದಿದ್ದರೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ನಮ್ಮ ಮನೆಯಿಂದ ಅಲ್ಲಿಗೆ ಏಳು ನಿಮಿಷದ ನಡಿಗೆ. ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ನೇಲ್ ಸಲೂನ್, ನಡುವೆ ಹದಿನಾಲ್ಕು ಟೇಬಲ್ಲಿನ ಹೋಟೆಲು. ಹೊರಗಿನಿಂದ ನೋಡಿದರೆ ಒಳಗೆ ಹೋಗಬೇಕು ಅನಿಸುವಂಥದ್ದೇನೂ ಇಲ್ಲ.

ಅಲ್ಲಿಗೆ ಹೋಗಿ ಹೋಗಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಆ ಅಡುಗೆಮನೆಯ ಅರ್ಧ ಸಾಮಾನು ನಮ್ಮ ಒಗ್ಗರಣೆ ಡಬ್ಬಿ ಮತ್ತು ಹಿತ್ತಲಿನಲ್ಲೇ ಇದೆ. ಅದನ್ನು ಗುರುತು ಹಿಡಿಯಲು ಒಂದೆರಡು ಪದ ಗೊತ್ತಿರಬೇಕು, ಅಷ್ಟೆ.

ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು

ಸ್ಯಾನ್ ಹೋಸೆಯಲ್ಲಿ ವಿಯೆಟ್ನಾಂ ಮೂಲದವರು ಒಂದು ಲಕ್ಷಕ್ಕೂ ಜಾಸ್ತಿ ಇದ್ದಾರೆ. ವಿಯೆಟ್ನಾಂ ಬಿಟ್ಟರೆ ಒಂದೇ ನಗರದಲ್ಲಿ ಇಷ್ಟು ಜನ ಬೇರೆಲ್ಲೂ ಇಲ್ಲ. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಉತ್ತರದವರ ವಶವಾದ ಮೇಲೆ ನಿರಾಶ್ರಿತರಾಗಿ ಬಂದವರಲ್ಲಿ ಅನೇಕರಿಗೆ ಈ ಸಿಲಿಕಾನ್ ಕಣಿವೆಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿತು. ಆಮೇಲೆ ಅವರ ನೆಂಟರು ಬಂದರು. ಸ್ಟೋರಿ ರೋಡ್ ಸುತ್ತಮುತ್ತ ಅಂಗಡಿಗಳು, ಹೋಟೆಲುಗಳು ಎದ್ದವು. ಇವತ್ತು ಅದನ್ನು ಲಿಟ್ಲ್ ಸೈಗಾನ್ ಎನ್ನುತ್ತಾರೆ. ಬಾನ್ ಮಿ ಬ್ರೆಡ್ಡಿಗೆ ಹೆಸರಾದ ಲೀಸ್ ಸ್ಯಾಂಡ್‌ವಿಚಸ್ ಕೂಡ 1983ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ.

ಹಾಗಾಗಿ ಹೋಟೆಲುಗಳಿಗೆ ಕೊರತೆಯಿಲ್ಲ. ಆದರೆ ದೂರದ ಹೆಸರುವಾಸಿ ಜಾಗಕ್ಕೆ ವರ್ಷಕ್ಕೊಮ್ಮೆ ಹೋಗುವುದಕ್ಕಿಂತ, ಮನೆ ಹತ್ತಿರದ ಒಂದನ್ನು ಹಿಡಿದು ಅಲ್ಲಿಗೇ ಹತ್ತು ಸಲ ಹೋಗಿ ಎನ್ನುತ್ತೇನೆ. ಮೊದಲ ಸಲ ನಿಮಗೆ ಮೆನು ಅರ್ಥವಾಗುವುದಿಲ್ಲ. ಮೂರನೇ ಸಲ ಬಡಿಸುವವರಿಗೆ ನಿಮ್ಮ ಮುಖ ಗುರುತಾಗುತ್ತದೆ. ಐದನೇ ಸಲಕ್ಕೆ ನೀವು ಕೇಳುವ ಮೊದಲೇ ಅವರು "ಮೀನಿನ ಸಾಸ್ ಬೇಡ, ಅಲ್ವಾ?" ಎನ್ನುತ್ತಾರೆ. ಸಸ್ಯಾಹಾರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ.

ಆಯ್ಕೆ ಮಾಡುವಾಗ ನಾನು ನೋಡುವುದು ಎರಡೇ. ಬೆಳಗ್ಗೆ ವಿಯೆಟ್ನಾಂನ ಅಜ್ಜ ಅಜ್ಜಿಯರು ಅಲ್ಲಿ ಕೂತಿದ್ದಾರಾ? ಬಾಗಿಲು ತೆಗೆದ ಕೂಡಲೇ ಸುಟ್ಟ ಶುಂಠಿ, ಚಕ್ರಮೊಗ್ಗಿನ ವಾಸನೆ ಬರುತ್ತದಾ? ಎರಡೂ ಇದ್ದರೆ ಕೂತುಕೊಳ್ಳಿ.

ಹೋಗುವ ಹೊತ್ತು ಬೆಳಗ್ಗೆ ಒಂಬತ್ತರಿಂದ ಹತ್ತೂವರೆ. ನಮಗೆ ಇಡ್ಲಿ ಹೇಗೋ ಅವರಿಗೆ ಫೋ (ಅಕ್ಕಿ ಶಾವಿಗೆ ಹಾಕಿದ ಸಾರು) ಹಾಗೆ, ಬೆಳಗಿನ ತಿಂಡಿ. ರಾತ್ರಿಯೆಲ್ಲ ಕುದಿದ ಸಾರು ಆಗ ತಾನೇ ಬಳಕೆಗೆ ಬಂದಿರುತ್ತದೆ, ಜನವೂ ಕಡಿಮೆ. ಭಾನುವಾರ ಮಧ್ಯಾಹ್ನ ಹೋದರೆ ಮಾತ್ರ ಸಾಲಿನಲ್ಲಿ ನಿಲ್ಲಬೇಕು. ಎಷ್ಟೋ ಹೋಟೆಲುಗಳಿಗೆ ವಾರದ ನಡುವೆ ಒಂದು ದಿನ ರಜ ಇರುತ್ತದೆ, ಮೊದಲೇ ಫೋನ್ ಮಾಡಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಅವರ ಹೊಸ ವರ್ಷ ತೇತ್ ಸಮಯದಲ್ಲೂ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಕೂತ ಮೇಲೆ ಮೊದಲ ಐದು ನಿಮಿಷ

ಟೇಬಲ್ಲಿನ ಮೇಲೆ ಒಂದು ಡಬ್ಬಿ ಇರುತ್ತದೆ. ತಿನ್ನುವ ಕಡ್ಡಿಗಳು (ಚಾಪ್‌ಸ್ಟಿಕ್), ಚಮಚಗಳು ಅದರಲ್ಲೇ. ನೀವೇ ತೆಗೆದುಕೊಂಡು ಪೇಪರಿನಲ್ಲಿ ಒರೆಸಿಕೊಳ್ಳಿ. ಇದು ಅಲ್ಲಿ ಎಲ್ಲರೂ ಮಾಡುವ ಕೆಲಸ, ಯಾರೂ ತಪ್ಪು ತಿಳಿಯುವುದಿಲ್ಲ. ಪಕ್ಕದಲ್ಲಿ ಸಾಸ್ ಬಾಟಲಿಗಳ ತಟ್ಟೆ. ಹಸಿರು ಮುಚ್ಚಳ, ಹುಂಜದ ಚಿತ್ರ ಇರುವುದು ಶ್ರೀರಾಚ. ಥಾಯ್ಲೆಂಡಿನ ಊರಿನ ಹೆಸರು ಇಟ್ಟುಕೊಂಡಿದ್ದರೂ ಈ ಬಾಟಲಿಯನ್ನು 1980ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರು ಮಾಡಿದವರು ವಿಯೆಟ್ನಾಂನಿಂದ ನಿರಾಶ್ರಿತರಾಗಿ ಬಂದ ಡೇವಿಡ್ ಟ್ರಾನ್. ತಮ್ಮನ್ನು ಹೊತ್ತು ತಂದ ಹಡಗಿನ ಹೆಸರನ್ನೇ ಕಂಪನಿಗೆ ಇಟ್ಟರು: ಹುಯ್ ಫಾಂಗ್. ಕಪ್ಪಗೆ, ದಪ್ಪಗೆ, ಸಿಹಿಯಾಗಿ ಇರುವುದು ಹೊಯ್‌ಸಿನ್. ಎಣ್ಣೆಯಲ್ಲಿ ಮುಳುಗಿದ ಕೆಂಪು ಮೆಣಸಿನ ಪುಡಿ ಇರುವುದು ಸಾ ತೇ. ತೆಳ್ಳಗೆ, ಕಂದು ಬಣ್ಣಕ್ಕೆ ಇರುವುದು ಮೀನಿನ ಸಾಸ್ ಆಗಿರಬಹುದು. ಸಸ್ಯಾಹಾರಿಗಳು ಕೇಳದೆ ಅದನ್ನು ಮುಟ್ಟಬೇಡಿ.

ಬಡಿಸುವವರನ್ನು ಕರೆಯುವುದನ್ನು ಈಗಲೇ ಕಲಿತುಬಿಡಿ. ವಿಯೆಟ್ನಾಂ ಭಾಷೆಯಲ್ಲಿ "ನೀವು" ಎಂದು ಸುಮ್ನೆ ಹೇಳುವುದು ಕಡಿಮೆ. ನಮ್ಮ ಹಾಗೆ ಸಂಬಂಧ ಹಿಡಿದೇ ಮಾತಾಡುತ್ತಾರೆ. ನಿಮಗಿಂತ ಸ್ವಲ್ಪ ದೊಡ್ಡ ಹೆಂಗಸಾದರೆ "ಚೀ", ಅಂದರೆ ಅಕ್ಕ. ದೊಡ್ಡ ಗಂಡಸಾದರೆ "ಆನ್", ಅಂದರೆ ಅಣ್ಣ. ಅಮ್ಮನ ವಯಸ್ಸಿನವರಾದರೆ "ಕೋ", ನಮ್ಮ ಸೋದರತ್ತೆಯ ಹಾಗೆ. ಅಪ್ಪನಿಗಿಂತ ಸ್ವಲ್ಪ ಚಿಕ್ಕವರಾದರೆ "ಚೂ", ಅದು ನೇರವಾಗಿ ಚಿಕ್ಕಪ್ಪ. ಚಿಕ್ಕವರಿಗೆ "ಎಮ್". ಕರೆಯುವಾಗ ಕೊನೆಗೆ "ಒಯ್" ಸೇರಿಸುತ್ತಾರೆ: "ಚೀ ಒಯ್!" ನಮ್ಮಲ್ಲಿ ಯಾರನ್ನಾದರೂ ಓಯ್ ಎಂದು ಕೂಗಿದರೆ ಅಗೌರವ. ಅಲ್ಲಿ ಅದು ನಮ್ಮ "ಅಕ್ಕಾ" ಎಂಬುದರ ಕೊನೆಯ ದೀರ್ಘದ ಹಾಗೆ, ಪ್ರೀತಿಯಿಂದ ಕರೆಯುವ ಧ್ವನಿ. ನಮ್ಮ ಹೋಟೆಲಿನ ಒಡತಿಯನ್ನು ನಾನು ಮೊದಲ ಸಲ "ಚೀ ಒಯ್" ಎಂದಾಗ ಅವರು ತಿರುಗಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ಮೆನು ಓದುವುದು

ನೂರು ಐಟಂ ಇರುವ ಮೆನು ನೋಡಿ ಗಾಬರಿಯಾಗಬೇಡಿ. ಹೆಸರುಗಳೆಲ್ಲ ಕೆಲವೇ ಪದಗಳ ಜೋಡಣೆ. ಮೊದಲ ಪದ ಊಟ ಯಾವ ಬಗೆಯದು ಎಂದು ಹೇಳುತ್ತದೆ. ಫೋ ಎಂದರೆ ಚಪ್ಪಟೆ ಅಕ್ಕಿ ಶಾವಿಗೆಯ ಸಾರು. ಬುನ್ ಎಂದರೆ ದುಂಡನೆಯ ಅಕ್ಕಿ ಶಾವಿಗೆ, ನಮ್ಮ ಒತ್ತು ಶಾವಿಗೆಗೆ ತೀರ ಹತ್ತಿರ. ಕಮ್ ಎಂದರೆ ಅನ್ನ. ಕಾನ್ ಎಂದರೆ ಅನ್ನದ ಜೊತೆಗಿನ ತಿಳಿ ಸಾರು. ಬಾನ್ ಎಂಬ ಪದದೊಳಗೆ ಬ್ರೆಡ್ಡು, ಕೇಕು, ದೋಸೆಯಂಥದ್ದು, ಕಡುಬಿನಂಥದ್ದು ಎಲ್ಲ ಬರುತ್ತದೆ.

ಆಮೇಲಿನ ಪದ ಒಳಗೆ ಏನಿದೆ ಎಂದು ಹೇಳುತ್ತದೆ. ಬೋ ಎಂದರೆ ದನ, ಗಾ ಕೋಳಿ, ಹೇಓ ಹಂದಿ, ತೋಮ್ ಸೀಗಡಿ, ಕಾ ಮೀನು. ಚಯ್ ಎಂದರೆ ಸಸ್ಯಾಹಾರ. ದನ, ಹಂದಿ ತಿನ್ನದವರು ಈ ಆರು ಪದ ಬಾಯಿಪಾಠ ಮಾಡಿಕೊಂಡರೆ ಸಾಕು. ಉಳಿದದ್ದಕ್ಕೆ ಪ್ರತಿ ಐಟಂ ಪಕ್ಕದಲ್ಲಿ ನಂಬರ್ ಇರುತ್ತದೆ, ನಂಬರ್ ಹೇಳಿ ಆರ್ಡರ್ ಮಾಡುವುದು ಅಲ್ಲಿ ಎಲ್ಲರ ರೂಢಿ.

ಹೇಳುವ ರೀತಿಯ ಬಗ್ಗೆ ಒಂದು ಮಾತು. ಫೋ ಎಂದು ಬರೆಯುತ್ತೇವಾದರೂ ಅದು "ಓ" ಅಲ್ಲ. "ಫ" ಎಂದು ಶುರು ಮಾಡಿ, "ಹಾಂ? ಏನು?" ಎಂದು ಕೇಳುವಾಗ ಧ್ವನಿ ಕೆಳಗಿಳಿದು ಮೇಲೇರುತ್ತದಲ್ಲ, ಹಾಗೆ ಏರಿಸಿ. ಮೊದಲ ಸಲ ಸರಿಯಾಗಿ ಬರುವುದಿಲ್ಲ. ಪ್ರಯತ್ನ ಮಾಡಿ, ಅವರೇ ತಿದ್ದುತ್ತಾರೆ.

ಸಸ್ಯಾಹಾರಿಗಳು ಇದನ್ನು ಪೂರ್ತಿ ಓದಿ

ಮೊದಲ ವರ್ಷ, ಬೇರೊಂದು ಹೋಟೆಲಿನಲ್ಲಿ, ನಾನು ಮೆನುವಿನಲ್ಲಿ "ವೆಜಿಟೆಬಲ್ ಫೋ" ನೋಡಿ ಖುಷಿಯಿಂದ ತರಿಸಿಕೊಂಡೆ. ಕೋಸು, ಕ್ಯಾರೆಟ್, ಟೋಫು (ಸೋಯಾ ಹಾಲಿನ ಪನೀರ್). ಸಾರು ಅದ್ಭುತವಾಗಿತ್ತು. ಅರ್ಧ ಬೋಗುಣಿ ಮುಗಿಸಿದ ಮೇಲೆ ಈ ರುಚಿ ಎಲ್ಲಿಂದ ಬಂತು ಎಂದು ಕೇಳಿದೆ. ದನದ ಮೂಳೆಯಿಂದ. ಯಾರೂ ಸುಳ್ಳು ಹೇಳಿರಲಿಲ್ಲ. ಬೋಗುಣಿಯಲ್ಲಿ ತರಕಾರಿ ಇದೆ ಎಂದಷ್ಟೇ ಅವರು ಬರೆದದ್ದು. ಆದರೂ ಅವತ್ತು ಮನೆಗೆ ಬಂದ ಮೇಲೆ ತುಂಬ ಹೊತ್ತು ನನಗೆ ಸಮಾಧಾನ ಆಗಲಿಲ್ಲ. ಆಮೇಲೆ ನನ್ನನ್ನು ಕಾಪಾಡಿದ ಪದ "ಚಯ್".

ಇದು ಚಹಾದ ಚಾಯ್ ಅಲ್ಲ, "ಚ" ಹ್ರಸ್ವ. ಇದರ ಹಿಂದೆ ಬೌದ್ಧ ಆಚರಣೆ ಇದೆ. ಚಾಂದ್ರಮಾನ ತಿಂಗಳ 1ನೇ ದಿನ ಮತ್ತು 15ನೇ ದಿನ ಎಷ್ಟೋ ವಿಯೆಟ್ನಾಂ ಮನೆಗಳಲ್ಲಿ ಮಾಂಸ ಮೀನು ಮಾಡುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆ ಲೆಕ್ಕ ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟುನಿಟ್ಟಾಗಿ ಚಯ್ ಮಾಡುವವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಮ್ಮ ಮಠಗಳ ಊಟದ ಹಾಗೆಯೇ. ಹಾಗಾಗಿ "ನಾನು ವೆಜಿಟೇರಿಯನ್" ಎಂದರೆ ಅವರಿಗೆ ತರಕಾರಿ ಇಷ್ಟಪಡುವವಳು ಎಂದಷ್ಟೇ ಅನಿಸಬಹುದು. "ತೋಯ್ ಅನ್ ಚಯ್", ಅಂದರೆ ನಾನು ಚಯ್ ತಿನ್ನುವವಳು ಎಂದರೆ, ನಿಮಗೊಂದು ನೇಮ ಇದೆ ಎಂದು ಅವರಿಗೆ ಗೊತ್ತಾಗುತ್ತದೆ. ಅವರ ಮುಖದ ಭಾವವೇ ಬದಲಾಗುತ್ತದೆ.

ಹೋಟೆಲುಗಳು ಮೂರು ಬಗೆ. ಪೂರ್ತಿ ಚಯ್ ಇರುವ ಹೋಟೆಲಾದರೆ ಕಣ್ಣು ಮುಚ್ಚಿ ತಿನ್ನಬಹುದು. ಆದರೆ ಒಂದು ವಿಷಯ ಮೊದಲೇ ಮನೆಯವರಿಗೆ ಹೇಳಿಡಿ. ಅಲ್ಲಿನ ಮೆನುವಿನಲ್ಲೂ ಮೀನು, ಕೋಳಿ, ಹಂದಿ ಎಂದೇ ಬರೆದಿರುತ್ತದೆ! ದಾವಣಗೆರೆಯಿಂದ ಬಂದ ಅಮ್ಮನನ್ನು ಕರೆದುಕೊಂಡು ಹೋದಾಗ ಅವರು ಮೆನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯನ್ನು ತೆಗೆದು, ಮಡಿಚಿ, ಕರಿದು ಇದನ್ನೆಲ್ಲ ಮಾಡುತ್ತಾರೆ ಎಂದು ಅಡುಗೆಯವರೇ ಬಂದು ಆ ಕೆನೆಯ ಹಾಳೆ ತೋರಿಸಿದ ಮೇಲೆ ಅಮ್ಮ ಕೂತರು. ಆಮೇಲೆ ಅದನ್ನು ಹೇಗೆ ಒಣಗಿಸುತ್ತಾರೆ ಎಂದು ಕೇಳಿದರು.

ಎರಡನೆಯದು, ಮಾಮೂಲಿ ಹೋಟೆಲಿನ ಮೆನುವಿನಲ್ಲಿ "ಮೋನ್ ಚಯ್" ಎಂದು ಒಂದು ಭಾಗ ಇರುವಂಥದ್ದು. ನಮ್ಮ ಬೀದಿಯದು ಈ ಬಗೆ. ಇಲ್ಲಿ ಸಾಮಾನ್ಯವಾಗಿ ಚಯ್ ಸಾರನ್ನು ಬೇರೆ ಪಾತ್ರೆಯಲ್ಲಿ ಮಾಡುತ್ತಾರೆ. ಮೂಲಂಗಿ, ಕ್ಯಾರೆಟ್, ಅಣಬೆ ಹಾಕಿ, ಮಸಾಲೆ ಮಾತ್ರ ಮಾಂಸದ ಫೋಗೆ ಹಾಕುವಂಥದ್ದೇ. ಆದರೂ ಕೇಳಿ. ಕರಿಯುವ ಎಣ್ಣೆ ಒಂದೇ ಇರಬಹುದು. ಅದು ನಿಮಗೆ ಆಗದಿದ್ದರೆ ಕರಿದದ್ದನ್ನು ಬಿಡಿ.

ಮೂರನೆಯದರಲ್ಲಿ ಚಯ್ ಭಾಗವೇ ಇರುವುದಿಲ್ಲ. ಅಲ್ಲಿ ಸಾರಿನ ತಂಟೆಗೆ ಹೋಗಬೇಡಿ. ಟೋಫು ಹಾಕಿದ ಒಣ ಬುನ್ ಅಥವಾ ಮಜ್ಜಿಗೆ ಹುಲ್ಲು, ಮೆಣಸಿನಕಾಯಿ ಹಾಕಿ ಹುರಿದ ಟೋಫು, ಅನ್ನ ಕೇಳಿ. ಕೇಳುವಾಗ "ಖೋಂಗ್ ನ್ವೊಕ್ ಮಾಮ್" ಎಂದು ಹೇಳಿ. ಖೋಂಗ್ ಎಂದರೆ ಬೇಡ ಅಥವಾ ಇಲ್ಲ. ನ್ವೊಕ್ ಮಾಮ್ ಎಂದರೆ ಮೀನಿನ ಸಾಸ್.

ಈ ಮೀನಿನ ಸಾಸ್ ಬಗ್ಗೆ ತಿಳಿದಿರಲೇಬೇಕು. ಸಣ್ಣ ಮೀನು ಮತ್ತು ಉಪ್ಪನ್ನು ದೊಡ್ಡ ಪೀಪಾಯಿಯಲ್ಲಿ ತುಂಬಿ ಒಂದು ವರ್ಷದಷ್ಟು ಕಾಲ ಹುದುಗಿಸಿ ಇಳಿಸುವ ರಸ ಅದು. ಫೂ ಕ್ವೋಕ್ ದ್ವೀಪ, ಫಾನ್ ತಿಯೆತ್ ಊರು ಇದಕ್ಕೆ ಹೆಸರುವಾಸಿ. ನಮಗೆ ಉಪ್ಪು ಹೇಗೋ ಅವರಿಗೆ ಇದು ಹಾಗೆ. ಅದಕ್ಕೇ ಎಲ್ಲ ಕಡೆ ಅಡಗಿರುತ್ತದೆ: ಅದ್ದಿಕೊಳ್ಳುವ ರಸದಲ್ಲಿ, ಹುರಿದ ಸೊಪ್ಪಿನಲ್ಲಿ, ಹಸಿ ಪಪಾಯ ಕೋಸಂಬರಿಯಲ್ಲಿ. ಸಾಸಿನಲ್ಲೂ ಚಯ್ ಇದೆ, ಅದನ್ನು ಕೊಡಿ ಎಂದು ಕೇಳಿದರೆ ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಸೋಯಾ ಸಾಸ್ ಕೊಡುತ್ತಾರೆ. ಮೊಟ್ಟೆ ತಿನ್ನದವರು ಬಾನ್ ಮಿ ಬ್ರೆಡ್ಡಿಗೆ ಹಚ್ಚುವ ಮಯೊನೇಸ್ ಬೇಡ ಎನ್ನಿ. ಕಡಲೆಕಾಯಿ ಬೀಜ ಆಗದವರು ಮೊದಲೇ ಹೇಳಿ, ಬುನ್ ಮೇಲೆ ಧಾರಾಳವಾಗಿ ಉದುರಿಸುತ್ತಾರೆ.

ಫೋ ತಿನ್ನುವ ಕ್ರಮ

ಫೋ ಹುಟ್ಟಿದ್ದು ವಿಯೆಟ್ನಾಂನ ಉತ್ತರದಲ್ಲಿ, ಹನೋಯ್ ಮತ್ತು ನಾಮ್ ದಿನ್ ಕಡೆ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ. 1954ರಲ್ಲಿ ದೇಶ ಎರಡಾದಾಗ 8ರಿಂದ 10 ಲಕ್ಷ ಜನ ಉತ್ತರದಿಂದ ದಕ್ಷಿಣಕ್ಕೆ ಬಂದರು. ಅವರ ಜೊತೆ ಫೋ ಕೂಡ ಸೈಗಾನಿನಲ್ಲಿ ಮನೆಮನೆ ಮಾತಾಯಿತು. ದಕ್ಷಿಣದವರು ಅದಕ್ಕೆ ಮೊಳಕೆ, ಸೊಪ್ಪು, ಹೊಯ್‌ಸಿನ್ ಎಲ್ಲ ಸೇರಿಸಿಕೊಂಡರು. ಸ್ಯಾನ್ ಹೋಸೆಯಲ್ಲಿ ನಿಮ್ಮ ಮುಂದೆ ಬರುವುದು ಹೆಚ್ಚಾಗಿ ಆ ದಕ್ಷಿಣದ ಫೋ. ಅದಕ್ಕೇ ಪಕ್ಕದಲ್ಲಿ ಒಂದು ತಟ್ಟೆ ತುಂಬ ಹಸಿರು ಇರುತ್ತದೆ.

ಬೋಗುಣಿ ಬಂದ ಕೂಡಲೇ ಏನನ್ನೂ ಹಾಕಬೇಡಿ. ಮೊದಲು ಮುಖ ಬಗ್ಗಿಸಿ ಆವಿ ತೆಗೆದುಕೊಳ್ಳಿ. ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿ, ಕೊತ್ತಂಬರಿ ಬೀಜ. ಎಲ್ಲ ನಮ್ಮ ಪಲಾವಿನ ಸಾಮಾನು. ಆದರೆ ನಮ್ಮ ಹಾಗೆ ಪುಡಿ ಮಾಡುವುದಿಲ್ಲ, ಎಣ್ಣೆಯಲ್ಲಿ ಬಾಡಿಸುವುದಿಲ್ಲ. ಇಡಿಯಾಗಿ ಹುರಿದು ಸಾರಿನಲ್ಲಿ ಬಿಟ್ಟು ಆಮೇಲೆ ಸೋಸುತ್ತಾರೆ. ಶುಂಠಿ, ಈರುಳ್ಳಿಯನ್ನು ಬೆಂಕಿಯಲ್ಲಿ ಕಪ್ಪಾಗುವಷ್ಟು ಸುಟ್ಟು ಹಾಕುತ್ತಾರೆ. ಅದಕ್ಕೇ ಇಷ್ಟು ಮಸಾಲೆ ಇದ್ದರೂ ಸಾರು ತಿಳಿಯಾಗಿರುತ್ತದೆ.

ಈಗ ಎರಡು ಚಮಚ ಸಾರು ಕುಡಿಯಿರಿ. ಹಾಗೇ, ಏನೂ ಬೆರೆಸದೆ. ಗಂಟೆಗಟ್ಟಲೆ ಒಲೆ ಮುಂದೆ ನಿಂತವರ ಕೆಲಸ ಅದರಲ್ಲಿದೆ. ಬಾಟಲಿ ತೆಗೆದು ಮೊದಲೇ ಶ್ರೀರಾಚ ಸುರಿದರೆ ಅದೆಲ್ಲ ಮುಚ್ಚಿಹೋಗುತ್ತದೆ. ಖಾರ ಪ್ರೀತಿಸುವ ನಮ್ಮವರು ಜಾಸ್ತಿ ಮಾಡುವ ತಪ್ಪು ಇದೇ, ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಆಮೇಲೆ ಸೊಪ್ಪು. ತಟ್ಟೆಯಲ್ಲಿ ನೇರಳೆ ದಂಟಿನ ಎಲೆ ಇರುತ್ತದೆ, ಸೋಂಪಿನ ವಾಸನೆಯದು. ಅದು ನಮ್ಮ ಕಾಮಕಸ್ತೂರಿಯ ಜಾತಿಯದೇ. ನಾವು ಬೀಜ ನೆನೆಸಿ ಪಾನಕಕ್ಕೆ ಹಾಕುತ್ತೇವೆ, ಅವರು ಎಲೆ ತಿನ್ನುತ್ತಾರೆ. ಉದ್ದಕ್ಕೆ, ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಇರುವ ಎಲೆ ಸಿಕ್ಕರೆ ಅದು ಕಾಡು ಕೊತ್ತಂಬರಿ, ಮಲೆನಾಡು ಕಡೆಯ ಹಿತ್ತಲಲ್ಲಿ ಬೆಳೆಯುವಂಥದ್ದೇ. ಎಲೆಗಳನ್ನು ದಂಟಿನಿಂದ ಬಿಡಿಸಿ, ಕೈಯಲ್ಲೇ ಹರಿದು ಹಾಕಿ. ಒಂದೇ ಸಲಕ್ಕೆ ಎಲ್ಲ ಬೇಡ, ತಿನ್ನುತ್ತ ತಿನ್ನುತ್ತ ಸೇರಿಸಿ. ಹೆಸರುಕಾಳಿನ ಮೊಳಕೆ ಸ್ವಲ್ಪ ಬೇಯಬೇಕೆಂದರೆ ಶುರುವಿನಲ್ಲೇ ಸಾರಿನೊಳಗೆ ಮುಳುಗಿಸಿ. ನಿಂಬೆ ಹೋಳನ್ನು ಅರ್ಧ ಮಾತ್ರ ಹಿಂಡಿ ರುಚಿ ನೋಡಿ.

ಸಾಸುಗಳನ್ನು ಸಾರಿಗೆ ಹಾಕಬೇಡಿ. ಚಿಕ್ಕ ತಟ್ಟೆಯಲ್ಲಿ ಹೊಯ್‌ಸಿನ್, ಶ್ರೀರಾಚ ಎರಡನ್ನೂ ಪಕ್ಕ ಪಕ್ಕ ಹಾಕಿಕೊಂಡು ಟೋಫು ಅಥವಾ ಕೋಳಿಯ ತುಂಡನ್ನು ಅದರಲ್ಲಿ ಅದ್ದಿ ತಿನ್ನಿ. ಸಾರು ಸಾರಾಗಿಯೇ ಉಳಿಯುತ್ತದೆ, ಖಾರವೂ ಸಿಗುತ್ತದೆ.

ಬಲಗೈಯಲ್ಲಿ ಕಡ್ಡಿ, ಎಡಗೈಯಲ್ಲಿ ಚಮಚ. ಶಾವಿಗೆಯನ್ನು ಕಡ್ಡಿಯಿಂದ ಎತ್ತಿ ಚಮಚದಲ್ಲಿ ಕೂರಿಸಿ, ಸ್ವಲ್ಪ ಸಾರು ತುಂಬಿಸಿ ಬಾಯಿಗಿಡಿ. ಕಡ್ಡಿ ಹಿಡಿಯಲು ಬರದಿದ್ದರೆ ಫೋರ್ಕ್ ಕೇಳಿ, ನಾಚಿಕೆ ಬೇಡ. ಅನ್ನದ ಬಟ್ಟಲಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುವುದನ್ನು ಮಾತ್ರ ಮಾಡಬೇಡಿ. ಸತ್ತವರಿಗೆ ಹಚ್ಚುವ ಊದುಬತ್ತಿಯ ನೆನಪು ತರುತ್ತದೆ ಅದು.

ಬೇಗ ತಿನ್ನಿ. ಫೋಟೋ ತೆಗೆಯುತ್ತ ಕೂತರೆ ಶಾವಿಗೆ ಸಾರು ಹೀರಿ ಊದಿಕೊಳ್ಳುತ್ತದೆ. ಪಾಯಸದಲ್ಲಿ ಬಿಟ್ಟ ಶಾವಿಗೆ ಸಂಜೆ ಹೊತ್ತಿಗೆ ಹೇಗಿರುತ್ತದೆ ಗೊತ್ತಲ್ಲ, ಹಾಗೆ.

ಕೋಳಿ ತಿನ್ನುವವರಿಗೆ "ಫೋ ಗಾ". ಸಾರೂ ಕೋಳಿಯದ್ದೇ ತಾನೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ, ಕೆಲವು ಕಡೆ ದನದ ಸಾರಿಗೇ ಕೋಳಿ ಹಾಕಿ ಕೊಡುವುದುಂಟು.

ಬಾನ್ ಸೆಯೊ: ಕೈಯಲ್ಲಿ ಸುತ್ತಿ ತಿನ್ನುವುದು

ಎರಡನೇ ಸಲ ಹೋದಾಗ ಇದನ್ನು ತರಿಸಿ. ನನ್ನ ಪ್ರಕಾರ ಕನ್ನಡದವರಿಗೆ ಫೋಗಿಂತ ಬೇಗ ಹತ್ತಿರವಾಗುವುದು ಇದೇ. ಸೆಯೊ ಎಂದರೆ ಕಾದ ಬಾಣಲೆಗೆ ಹಿಟ್ಟು ಬಿದ್ದಾಗ ಬರುವ ಸದ್ದು. ನಾವು "ಚುಂಯ್" ಎನ್ನುತ್ತೇವಲ್ಲ, ಅದೇ. ಸದ್ದನ್ನೇ ತಿಂಡಿಯ ಹೆಸರಾಗಿಸಿದ್ದಾರೆ. ಅಕ್ಕಿ ಹಿಟ್ಟು, ಅರಿಶಿನ, ತೆಂಗಿನ ಹಾಲು ಕಲಸಿ ನೀರು ದೋಸೆಯಷ್ಟು ತೆಳ್ಳಗೆ ಹುಯ್ದು, ಎಣ್ಣೆಯಲ್ಲಿ ಗರಿಗರಿ ಮಾಡಿ ಮಡಿಚುತ್ತಾರೆ. ಹಳದಿ ಬಣ್ಣ ಮೊಟ್ಟೆಯದ್ದಲ್ಲ, ಅರಿಶಿನದ್ದು. ಮಾಮೂಲಿಯಾಗಿ ಒಳಗೆ ಹಂದಿ, ಸೀಗಡಿ, ಮೊಳಕೆ ಇರುತ್ತದೆ. ಚಯ್ ಆದರೆ ಅಣಬೆ, ಟೋಫು, ಬೇಯಿಸಿದ ಹೆಸರುಬೇಳೆ.

ಇದನ್ನು ದೋಸೆಯ ಹಾಗೆ ಮುರಿದು ಬಾಯಿಗೆ ಹಾಕಿಕೊಂಡರೆ ಬರೀ ಎಣ್ಣೆ ತಿಂದ ಹಾಗಾಗುತ್ತದೆ. ಕೈ ತೊಳೆದು ಬನ್ನಿ. ಅಗಲವಾದ ಲೆಟಿಸ್ ಎಲೆ ಅಥವಾ ಸಾಸಿವೆ ಸೊಪ್ಪಿನ ಎಲೆಯನ್ನು ಎಡ ಅಂಗೈ ಮೇಲೆ ಹಾಸಿ. ಅದರ ಮೇಲೆ ಪುದೀನ, ಕಾಮಕಸ್ತೂರಿ ಎಲೆ. ಆಮೇಲೆ ಬೆರಳುದ್ದ ಬಾನ್ ಸೆಯೊ ತುಂಡು. ವೀಳ್ಯದೆಲೆ ಮಡಿಚಿದ ಹಾಗೆ ಸುತ್ತಿ, ಅದ್ದುವ ರಸದಲ್ಲಿ ಮುಳುಗಿಸಿ ಒಂದೇ ತುತ್ತಿಗೆ. ಬಿಸಿ, ತಂಪು, ಗರಿ, ಹುಳಿ ಎಲ್ಲ ಒಟ್ಟಿಗೆ ಬರುತ್ತದೆ. ಎಲೆ ಖಾಲಿಯಾದರೆ ಇನ್ನಷ್ಟು ಕೇಳಿ, ಕೊಡುತ್ತಾರೆ.

ಸುತ್ತುವುದಕ್ಕೆ ಭಯವಾದರೆ ಗೋಯ್ ಕ್ವೊನ್ ತರಿಸಿ. ನೆನೆಸಿದ ಅಕ್ಕಿ ಹಾಳೆಯಲ್ಲಿ ಶಾವಿಗೆ, ಸೊಪ್ಪು, ಟೋಫು ಇಟ್ಟು ಅವರೇ ಸುತ್ತಿ ಕೊಡುತ್ತಾರೆ. ಕರಿದ ಸುರುಳಿ ಬೇಕೆಂದರೆ ಚಾ ಯೋ.

ಅನ್ನ ಬೇಕೆನಿಸಿದ ದಿನ

ಕಮ್ ತಮ್ ಎಂದರೆ ನುಚ್ಚಕ್ಕಿ ಅನ್ನ. ಅಕ್ಕಿ ಗಿರಣಿಯಲ್ಲಿ ಒಡೆದು ಉಳಿದದ್ದನ್ನು ಒಂದು ಕಾಲಕ್ಕೆ ಬಡವರು ಬೇಯಿಸಿಕೊಳ್ಳುತ್ತಿದ್ದರು. ಈಗ ಸೈಗಾನಿನವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಜೊತೆಗೆ ಸಾಮಾನ್ಯವಾಗಿ ಸುಟ್ಟ ಹಂದಿ ಇರುತ್ತದೆ, ಆದರೆ ಸುಟ್ಟ ಕೋಳಿ ಅಥವಾ ಟೋಫು ಕೇಳಬಹುದು.

ಕಾನ್ ಚುವಾ ಸಿಕ್ಕರೆ ಬಿಡಬೇಡಿ. ಹುಣಸೆಹಣ್ಣು, ಟೊಮೆಟೊ, ಅನಾನಸ್, ಬೆಂಡೆಕಾಯಿ, ಕೆಸುವಿನ ಜಾತಿಯ ದಂಟು ಹಾಕಿದ ಹುಳಿ ಸಾರು. ಮೀನಿನದ್ದೇ ಹೆಚ್ಚು, ಚಯ್ ಕೂಡ ಮಾಡುತ್ತಾರೆ. ಅಮ್ಮ ಊರಿಗೆ ಹೋದ ಮೇಲೂ ಫೋನಿನಲ್ಲಿ ಕೇಳುವುದು ಈ ಸಾರಿನ ವಿಷಯವನ್ನೇ.

ಕಾಫಿ

ಊಟದ ಜೊತೆಗೇ ಕಾಫಿ ಹೇಳಿಬಿಡಿ, ಇಳಿಯಲು ಹೊತ್ತಾಗುತ್ತದೆ. "ಕಾ ಫೇ ಸುವಾ ಡಾ": ಕಾಫಿ, ಹಾಲು, ಐಸ್. ಗ್ಲಾಸಿನ ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್, ಮೇಲೆ ಫಿನ್ ಎಂಬ ಪುಟ್ಟ ಲೋಹದ ಫಿಲ್ಟರ್. ನಮ್ಮ ಫಿಲ್ಟರಿಗೆ ಕೆಳಗೊಂದು ಪಾತ್ರೆ ಇರುತ್ತದೆ, ಇದಕ್ಕೆ ಇಲ್ಲ. ಡಿಕಾಕ್ಷನ್ ನೇರ ಗ್ಲಾಸಿಗೇ ಹನಿ ಹನಿಯಾಗಿ ಇಳಿಯುತ್ತದೆ. ನಾಲ್ಕೈದು ನಿಮಿಷ ಕಾಯಿರಿ, ಫಿಲ್ಟರನ್ನು ಒತ್ತಬೇಡಿ. ಇಳಿದ ಮೇಲೆ ತಳದ ಹಾಲನ್ನು ಚೆನ್ನಾಗಿ ಕಲಸಿ, ಆಮೇಲೆ ಐಸ್ ಗ್ಲಾಸಿಗೆ ಸುರಿಯಿರಿ. ಮೊದಲೇ ಐಸ್ ಹಾಕಿದರೆ ಹಾಲು ತಳದಲ್ಲೇ ಗಟ್ಟಿಯಾಗಿ ಕೂರುತ್ತದೆ.

ಕುಡಿದ ಮೊದಲ ದಿನವೇ ನನಗೆ ಪರಿಚಯದ ರುಚಿ ಅನಿಸಿತು. ಕಾರಣ ಆಮೇಲೆ ತಿಳಿಯಿತು. ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಂ. ಅಲ್ಲಿ ಬೆಳೆಯುವುದು ಹೆಚ್ಚಾಗಿ ರೊಬಸ್ಟಾ, ಕೊಡಗಿನಲ್ಲೂ ರೊಬಸ್ಟಾವೇ ಜಾಸ್ತಿ. ಅದಲ್ಲದೆ ಅಮೆರಿಕಕ್ಕೆ ಬಂದ ವಿಯೆಟ್ನಾಂ ಜನ ನ್ಯೂ ಆರ್ಲಿಯನ್ಸಿನ ಚಿಕೋರಿ ಬೆರೆಸಿದ ಕಾಫಿ ಪುಡಿಯನ್ನು ತಮ್ಮದಾಗಿಸಿಕೊಂಡರು. ಎಷ್ಟೋ ಹೋಟೆಲುಗಳ ಅಡುಗೆಮನೆಯಲ್ಲಿ ಆ ಪುಡಿಯ ಹಳದಿ ಡಬ್ಬ ಕಾಣುತ್ತದೆ. ಚಿಕೋರಿ ಹಾಕಿದ ಕಾಫಿ ಕುಡಿದು ಬೆಳೆದ ನಮಗೆ ಅದು ಹೊಸದೆನಿಸುವುದಾದರೂ ಹೇಗೆ?

ಕಾಫಿ ಬೇಡದ ಮಕ್ಕಳಿಗೆ "ಸಿನ್ ತೋ ಬ" ಹೇಳಿ, ಬೆಣ್ಣೆಹಣ್ಣಿನ ಮಿಲ್ಕ್‌ಶೇಕ್. "ಬ" ಎಂಬ ಪದ ಬಂದದ್ದು ಬೆಣ್ಣೆಗೆ ಫ್ರೆಂಚಿನಲ್ಲಿರುವ ಹೆಸರಿನಿಂದ. ಅವರೂ ನಮ್ಮ ಹಾಗೆ ಆ ಹಣ್ಣನ್ನು ಬೆಣ್ಣೆ ಎಂದೇ ಕರೆದಿದ್ದಾರೆ.

ಬಿಲ್ಲು, ಪಾರ್ಸೆಲ್ಲು

ಬಿಲ್ ತಾನಾಗಿ ಬರಲಿ ಎಂದು ಕಾಯಬೇಡಿ. ಎಷ್ಟೋ ಕಡೆ ಕೌಂಟರಿಗೆ ಹೋಗಿ ಟೇಬಲ್ ನಂಬರ್ ಹೇಳಿ ಕೊಡಬೇಕು. ಕೂತಲ್ಲೇ ಬೇಕಿದ್ದರೆ "ತಿನ್ ತಿಯೆನ್" ಎನ್ನಿ. ಕ್ಯಾಷ್ ಮಾತ್ರ ತೆಗೆದುಕೊಳ್ಳುವ ಜಾಗಗಳೂ ಇವೆ, ಜೇಬಿನಲ್ಲಿ ಸ್ವಲ್ಪ ಇಟ್ಟುಕೊಂಡಿರಿ. ಒಂದು ಬೋಗುಣಿ ಫೋಗೆ ಈಗ ಸುಮಾರು 15 ಡಾಲರ್ ಆಸುಪಾಸು. ಟಿಪ್ 15ರಿಂದ 20 ಪರ್ಸೆಂಟ್ ಕೊಡಿ. ಬೇಗ ಬಡಿಸುತ್ತಾರೆ, ಹೆಚ್ಚು ಮಾತಾಡುವುದಿಲ್ಲ ಎಂದು ಕಡಿಮೆ ಕೊಡುವವರನ್ನು ನೋಡಿದ್ದೇನೆ, ಅದು ನ್ಯಾಯವಲ್ಲ. ಹೊರಡುವಾಗ "ಕಾಮ್ ಅನ್, ಚೀ" ಎಂದು ಹೇಳಿ. ಧನ್ಯವಾದ, ಅಕ್ಕ.

ಪಾರ್ಸೆಲ್ ತಂದರೆ ಸಾರು ಬೇರೆ, ಶಾವಿಗೆ ಬೇರೆ, ಸೊಪ್ಪು ಬೇರೆ ಕಟ್ಟಿ ಕೊಡುತ್ತಾರೆ. ಮನೆಗೆ ಬಂದು ಸಾರನ್ನು ಚೆನ್ನಾಗಿ ಮರಳುವಷ್ಟು ಕುದಿಸಿ, ಶಾವಿಗೆಯನ್ನು ಬಿಸಿನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ ತೆಗೆದು, ಆಮೇಲೆ ಸಾರು ಸುರಿಯಿರಿ. ಮೈಕ್ರೋವೇವಿನಲ್ಲಿ ಎಲ್ಲ ಒಟ್ಟಿಗೆ ಇಟ್ಟು ಬಿಸಿ ಮಾಡಬೇಡಿ.

ಹುಣ್ಣಿಮೆ ದಿನ ಕೆಲವು ಹೋಟೆಲುಗಳಲ್ಲಿ ಮೆನುವಿನಲ್ಲಿ ಇಲ್ಲದ ಚಯ್ ಅಡುಗೆ ಮಾಡಿರುತ್ತಾರೆ. ಬೋರ್ಡ್ ಹಾಕುವುದಿಲ್ಲ, ಕೇಳಿದವರಿಗೆ ಸಿಗುತ್ತದೆ. ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಖಾಲಿಯಾಗುತ್ತದೆ. ಗೋಡೆ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರೆ ನೋಡಿ, ದೊಡ್ಡ ಅಂಕಿಯ ಕೆಳಗೆ ಚಿಕ್ಕದಾಗಿ ಚಾಂದ್ರಮಾನದ ತಾರೀಖು ಇರುತ್ತದೆ. ಅದರಲ್ಲಿ 15 ಎಂದಿರುವ ದಿನ ಬೆಳಗ್ಗೆ ಹತ್ತು ಗಂಟೆಗೆ ಹೋಗಿ.